ಬಿಡಿ ಟಾಪಿಕ್ ಸರಿ, ಕಟ್ಟಿದ ಕೈಪಿಡಿ ತಪ್ಪು: ಎಕ್ಸ್‌ಎಂಎಲ್ ವಿನ್ಯಾಸದ ಒಂದು ಪ್ರಕರಣ

ಕೊಳವೆಬಾವಿ ಪಂಪುಗಳಿಗೆ ಸ್ಟಾರ್ಟರ್ ಪ್ಯಾನೆಲ್ ತಯಾರಿಸುವ ಬೆಂಗಳೂರಿನ ಒಂದು ಕಂಪನಿ ತನ್ನ ಸರ್ವಿಸ್ ಕೈಪಿಡಿಗಳನ್ನು ವರ್ಡ್ ಕಡತಗಳಿಂದ ಬಿಡಿಸಿ ಡಿಟಾ ಎಂಬ ಎಕ್ಸ್‌ಎಂಎಲ್ ಮಾದರಿಗೆ ತಂದಿತ್ತು. ಪಠ್ಯದ ಪ್ರತಿ ತುಣುಕೂ ಏನೆಂದು ಗುರುತು ಹಾಕಿಡುವ ಬಗೆಯೇ ಎಕ್ಸ್‌ಎಂಎಲ್. ಸಿಂಗಲ್ ಫೇಸ್, ತ್ರೀ ಫೇಸ್ ಡಿಒಎಲ್ (ಮೋಟರಿಗೆ ಪೂರ್ತಿ ವೋಲ್ಟೇಜ್ ನೇರವಾಗಿ ಕೊಡುವುದು), ಸ್ಟಾರ್-ಡೆಲ್ಟಾ (ಮೊದಲು ಕಡಿಮೆ, ಆಮೇಲೆ ಪೂರ್ತಿ ಕೊಡುವುದು) ಎಂದು ಪ್ಯಾನೆಲ್‌ಗಳು ಹಲವು ಬಗೆ; ಕೈಪಿಡಿ ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಬೇಕು. ಮೊದಲು ಬಗೆಗೊಂದು, ಭಾಷೆಗೊಂದು ಕಡತ ಇತ್ತು. ಒಂದರಲ್ಲಿ ತಿದ್ದಿದ್ದು ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಆ ಕಾಟ ತಪ್ಪಿಸಲೆಂದೇ ಡಿಟಾ. ಬರವಣಿಗೆ ಮುಗಿಯಿತು, ಅನುವಾದ ಮುಗಿಯಿತು, ಪ್ರತಿಯೊಂದು ಟಾಪಿಕ್‌ನ, ಅಂದರೆ ಒಂದೊಂದು ವಿಷಯದ ಚಿಕ್ಕ ಕಡತದ, ಪ್ರಿವ್ಯೂ ನೋಡಿ ಒಪ್ಪಿಗೆಯೂ ಆಯಿತು. ಆಮೇಲೆ ಸ್ಟಾರ್-ಡೆಲ್ಟಾ ಪ್ಯಾನೆಲ್‌ನ ಕನ್ನಡ ಕೈಪಿಡಿಯನ್ನು ಪೂರ್ತಿ ಜೋಡಿಸಿ ಪ್ರೂಫ್ ತೆಗೆದರೆ ಎಲ್ಲಿ ಬೆರಳಿಟ್ಟರೂ ತಪ್ಪು. ಸ್ಟೈಲ್‌ಶೀಟ್, ಅಂದರೆ ಪುಟದ ಅಂದಚೆಂದದ ನಿಯಮಗಳ ಕಡತ, ಸರಿಪಡಿಸಿಕೊಡಿ ಎಂದು ನನ್ನನ್ನು ಕರೆದದ್ದು ಆಗ.

ಸ್ಟೈಲ್‌ಶೀಟ್ ಬರೆದವರು ಕೆಲಸ ಬಲ್ಲವರೇ. ಬಣ್ಣ, ಅಂಚು, ಅಕ್ಷರದ ಗಾತ್ರ ಎಲ್ಲವೂ ಹದವಾಗಿದ್ದವು. ಆದರೆ ಅವರು ನೋಡುತ್ತಿದ್ದದ್ದು ಒಂದೊಂದೇ ಟಾಪಿಕ್. ಮುದ್ರಣಕ್ಕೆ ಹೋಗುವ ಕೈಪಿಡಿ ಡಿಸ್ಕ್‌ನಲ್ಲಿ ಎಲ್ಲೂ ಇಲ್ಲ. ಅದು ಜೋಡಣೆಯ ಹೊತ್ತಿಗೆ ಹುಟ್ಟುತ್ತದೆ. ಸ್ಟೈಲ್‌ಶೀಟ್‌ನ ನಿಯಮಗಳು ಅನ್ವಯವಾಗುವುದು ಹಾಗೆ ಹುಟ್ಟಿದ ಮರಕ್ಕೆ, ಅಂದರೆ ಒಂದರ ಕೆಳಗೊಂದು ಕವಲೊಡೆದ ತುಣುಕುಗಳ ಪೂರ್ತಿ ಜೋಡಣೆಗೆ. ಬರೆಯುವವರ ಪರದೆಯ ಮೇಲಿರುವ ಕಡತಕ್ಕೆ ಅಲ್ಲ. ಈ ಪ್ರಕರಣದ ಎಲ್ಲ ತೊಂದರೆಗಳೂ ಅಲ್ಲಿಂದಲೇ ಹೊರಟಿವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಡಿಟಾ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ಐಬಿಎಂ ರೂಪಿಸಿದ ಈ ಮಾದರಿ 2005ರಲ್ಲಿ ಒಯಾಸಿಸ್ ಸಂಸ್ಥೆಯ ಮಾನಕವಾಯಿತು. ಒಂದು ವಿಷಯಕ್ಕೆ ಒಂದು ಚಿಕ್ಕ ಕಡತ, ಅದು ಟಾಪಿಕ್. ಯಾವ ಟಾಪಿಕ್‌ಗಳು, ಯಾವ ಕ್ರಮದಲ್ಲಿ, ಯಾವುದರ ಕೆಳಗೆ ಯಾವುದು ಎಂದು ಹೇಳುವ ಕಡತ ಮ್ಯಾಪ್. ಪದೇ ಪದೇ ಬರುವ ಎಚ್ಚರಿಕೆ, ಹಂತ, ಟಿಪ್ಪಣಿಗಳನ್ನು ಒಂದೇ ಕಡೆ ಬರೆದಿಟ್ಟು ಬೇಕಾದಲ್ಲಿಗೆ ಕಾನ್‌ರೆಫ್ ಮೂಲಕ ಎಳೆದುಕೊಳ್ಳಬಹುದು. ಉತ್ಪನ್ನದ ಹೆಸರಿನಂಥ ಬದಲಾಗುವ ಮಾತುಗಳಿಗೆ ಕೀ ಎಂಬ ಸಂಕೇತ ಕೊಟ್ಟು, ಅದರ ಬೆಲೆಯನ್ನು, ಅಂದರೆ ಅದರ ಬದಲು ಬರಬೇಕಾದ ಪಠ್ಯವನ್ನು, ಮ್ಯಾಪ್‌ನಲ್ಲಿ ಇಡಬಹುದು. ಸಿಂಗಲ್ ಫೇಸ್‌ಗೆ ಮಾತ್ರ ಸೇರಿದ ಸಾಲನ್ನು ತ್ರೀ ಫೇಸ್ ಕೈಪಿಡಿಯಿಂದ ಡಿಟಾವ್ಯಾಲ್ ಎಂಬ ಕಡತ ಸೋಸಿ ತೆಗೆಯುತ್ತದೆ. ಈ ಎಲ್ಲವನ್ನೂ ಬಿಡಿಸಿ, ಸೋಸಿ, ಹೆಣೆದು ಕೊಡುವುದು ಡಿಟಾ ಓಪನ್ ಟೂಲ್‌ಕಿಟ್. ಈ ಕಂಪನಿಯಲ್ಲಿ ಅದು ವೆಬ್‌ಗೆ ಟಾಪಿಕ್‌ಗೊಂದು ಎಚ್‌ಟಿಎಂಎಲ್ ಪುಟ ಕೊಡುತ್ತಿತ್ತು. ಮುದ್ರಣಕ್ಕೆ ಇಡೀ ಮ್ಯಾಪನ್ನು ಒಂದೇ ಎಚ್‌ಟಿಎಂಎಲ್ ಕಡತವಾಗಿ ಬೆಸೆಯುತ್ತಿತ್ತು. ಆ ಕಡತಕ್ಕೆ ಸಿಎಸ್‌ಎಸ್ (ಸ್ಟೈಲ್‌ಶೀಟ್ ಬರೆಯುವ ಭಾಷೆ) ಹಚ್ಚಿ ಪಿಡಿಎಫ್ ತೆಗೆಯುತ್ತಿದ್ದರು.

ಪ್ರಿವ್ಯೂ ಎಂದು ಅವರು ಕರೆಯುತ್ತಿದ್ದದ್ದು ಬರೆದ ಟಾಪಿಕ್ ಒಂದನ್ನೇ ಟೂಲ್‌ಕಿಟ್‌ಗೆ ಕೊಟ್ಟು ಬಂದ ಪುಟವನ್ನು. ಮ್ಯಾಪ್ ಇಲ್ಲ, ಡಿಟಾವ್ಯಾಲ್ ಇಲ್ಲ, ಅಕ್ಕಪಕ್ಕದ ಟಾಪಿಕ್‌ಗಳಿಲ್ಲ.

ಕೆಂಪು ಚೌಕಟ್ಟು

ಪ್ರೂಫ್‌ನಲ್ಲಿ ಕಂಡ ತಪ್ಪುಗಳಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸಿದ್ದು ಒಂದು ಚೌಕಟ್ಟು. ದುರಸ್ತಿಯ ಯಾವ ಕೆಲಸವೇ ಇರಲಿ, ಮೊದಲ ಹಂತ ಒಂದೇ: ಮುಖ್ಯ ಸ್ವಿಚ್ ಆಫ್ ಮಾಡಿ ಬೀಗ ಹಾಕಬೇಕು. ಆ ಹಂತದ ಸುತ್ತ ದಪ್ಪ ಕೆಂಪು ಚೌಕಟ್ಟು ಇರಬೇಕೆಂದು ಕಂಪನಿ ನಿಶ್ಚಯಿಸಿತ್ತು. ಸ್ಟೈಲ್‌ಶೀಟ್‌ನಲ್ಲಿ ಇದ್ದ ನಿಯಮ ಹೀಗೆ: ಹಂತಗಳ ಪಟ್ಟಿಯ ಮೊದಲ ಮಗುವಿಗೆ (ಪಟ್ಟಿಯೊಳಗೆ ಮೊದಲು ಬರುವುದಕ್ಕೆ) ಕೆಂಪು ಚೌಕಟ್ಟು. ಬಿಡಿಯಾಗಿ ನೋಡಿದ ಪ್ರತಿ ಟಾಪಿಕ್‌ನಲ್ಲೂ ಮೊದಲ ಹಂತ ಅದೇ ಆಗಿದ್ದರಿಂದ ನಿಯಮ ಸರಿಯಾಗಿಯೇ ಕಂಡಿತು.

ಸ್ಟಾರ್-ಡೆಲ್ಟಾ ಪ್ಯಾನೆಲ್‌ಗೆ ಇನ್ನೊಂದು ಹಂತ ಬೇಕಾಗಿತ್ತು. ಸ್ವಿಚ್ ಆಫ್ ಮಾಡುವ ಮುನ್ನ ಪ್ಯಾನೆಲ್‌ನ ವೋಲ್ಟ್‌ಮೀಟರ್‌ನಲ್ಲಿ ಮೂರೂ ಫೇಸ್‌ಗಳ ವೋಲ್ಟೇಜ್ ನೋಡಿ ಬರೆದುಕೊಳ್ಳಬೇಕು. ಕರೆಂಟು ಇರುವಾಗಲೇ ಅದು ಸಾಧ್ಯ. ಎಲ್ಲ ಬಗೆಗಳಿಗೂ ಸಾಮಾನ್ಯವಾದ ಟಾಪಿಕ್ ಅನ್ನು ಮುಟ್ಟದೆ ಈ ಹಂತ ಸೇರಿಸಲು ಬರಹಗಾರರು ಕಾನ್‌ರೆಫ್ ಪುಶ್ ಬಳಸಿದ್ದರು. 2010ರಲ್ಲಿ ಬಂದ ಡಿಟಾ 1.2ರಲ್ಲಿ ಸೇರಿದ ಸೌಲಭ್ಯ ಅದು. ಎಂದಿನ ಕಾನ್‌ರೆಫ್‌ನಲ್ಲಿ ಟಾಪಿಕ್ ತನಗೆ ಬೇಕಾದ್ದನ್ನು ಹೊರಗಿನಿಂದ ಎಳೆದುಕೊಳ್ಳುತ್ತದೆ. ಪುಶ್‌ನಲ್ಲಿ ಹೊರಗಿನ ಟಾಪಿಕ್ ತನ್ನ ತುಣುಕನ್ನು ಇದರೊಳಕ್ಕೆ ತಳ್ಳುತ್ತದೆ. ಹೀಗಾಗಿ ಸಾಮಾನ್ಯ ಟಾಪಿಕ್‌ನ ಕಡತವನ್ನು ತೆರೆದರೆ ಆ ಹಂತದ ಸುಳಿವೇ ಇರುವುದಿಲ್ಲ. ತಳ್ಳುವ ಟಾಪಿಕ್ ಮತ್ತು ತಳ್ಳಿಸಿಕೊಳ್ಳುವ ಟಾಪಿಕ್ ಎರಡೂ ಒಂದೇ ಮ್ಯಾಪ್‌ನೊಳಗೆ ಸೇರಿ ಜೋಡಣೆ ನಡೆದಾಗ ಮಾತ್ರ ಅದು ಮೇಲೆ ಬಂದು ಕೂರುತ್ತದೆ.

ಕೂತಿತು. ಕೆಂಪು ಚೌಕಟ್ಟು ವೋಲ್ಟೇಜ್ ಬರೆದುಕೊಳ್ಳುವ ನಿರುಪದ್ರವಿ ಹಂತಕ್ಕೆ ಹೋಯಿತು. ಬೀಗ ಹಾಕುವ ಹಂತ ಎರಡನೆಯದಾಗಿ, ಉಳಿದವುಗಳ ಹಾಗೆ ಸಪ್ಪೆಯಾಗಿ ನಿಂತಿತು. ಪ್ರೂಫ್ ನೋಡಿದ ಹಿರಿಯ ಸರ್ವಿಸ್ ಎಂಜಿನಿಯರ್ ಒಬ್ಬರು ಆ ಪುಟವನ್ನು ನನ್ನ ಮುಂದಿಟ್ಟು ಹೇಳಿದರು: “ನೋಡಿ ಸರ್, ಹೊಲದಲ್ಲಿ ನಿಂತ ಹುಡುಗ ಪೂರ್ತಿ ಓದುವುದಿಲ್ಲ. ಕೆಂಪು ಇರುವುದನ್ನು ಮಾಡುತ್ತಾನೆ, ಮುಂದಿನದಕ್ಕೆ ಕೈ ಹಾಕುತ್ತಾನೆ. ಇದರಲ್ಲಿ ಕೈ ಹಾಕಿದರೆ ನಾಲ್ಕುನೂರ ಹದಿನೈದು ವೋಲ್ಟು.” ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ತ್ರೀ ಫೇಸ್ ಪೂರೈಕೆಯಲ್ಲಿ ಎರಡು ಫೇಸ್‌ಗಳ ನಡುವೆ ಇರುವ ವೋಲ್ಟೇಜ್ ಅಷ್ಟೇ.

ಅದೇ ಪುಟದಲ್ಲಿ ಇನ್ನೊಂದು ತಪ್ಪೂ ಜೊತೆಗೂಡಿತ್ತು. ಕೊನೆಯ ಹಂತದಲ್ಲಿ ಬರಹಗಾರರು ‘ಮೂರನೇ ಹಂತದಲ್ಲಿ ಬಿಚ್ಚಿದ ತಂತಿಗಳನ್ನು ಮತ್ತೆ ಜೋಡಿಸಿ’ ಎಂದು ಕೈಯಿಂದ ಬರೆದಿದ್ದರು. ಮೇಲೊಂದು ಹಂತ ಬಂದು ಕೂತ ಮೇಲೆ ತಂತಿ ಬಿಚ್ಚುವ ಹಂತ ನಾಲ್ಕನೆಯದಾಗಿತ್ತು.

ಚೌಕಟ್ಟಿನ ನಿಯಮವನ್ನು ಸ್ಥಾನದಿಂದ ಬಿಡಿಸಿ ಅರ್ಥಕ್ಕೆ ಕಟ್ಟಿದೆವು. ಬೀಗ ಹಾಕುವ ಹಂತ ಹೇಗೂ ಹಂಚಿಕೆಯ ಕಡತದಲ್ಲಿ ಒಂದೇ ಕಡೆ ಇತ್ತು. ಅದಕ್ಕೆ ಔಟ್‌ಪುಟ್‌ಕ್ಲಾಸ್ ಎಂಬ ಗುಣದಲ್ಲಿ ಒಂದು ಗುರುತು ಕೊಟ್ಟೆವು. ಕಾನ್‌ರೆಫ್ ಆ ಹಂತವನ್ನು ಎಳೆದು ತರುವಾಗ ಗುರುತೂ ಜೊತೆಗೇ ಬರುತ್ತದೆ, ಎಚ್‌ಟಿಎಂಎಲ್‌ನಲ್ಲಿ ಕ್ಲಾಸ್ ಆಗಿ ಉಳಿಯುತ್ತದೆ. ಈಗ ಅದು ಪಟ್ಟಿಯಲ್ಲಿ ಎಷ್ಟನೆಯದಾದರೂ ಕೆಂಪು ಚೌಕಟ್ಟು ಅದನ್ನು ಬಿಡುವುದಿಲ್ಲ. ಕೈಯಿಂದ ಬರೆದ ಹಂತದ ಸಂಖ್ಯೆಗಳ ಜಾಗದಲ್ಲಿ, ಆ ಹಂತಕ್ಕೆ ಐಡಿ ಕೊಟ್ಟು ಅಡ್ಡ ಉಲ್ಲೇಖ ಹಾಕಿದೆವು.

‘ಮೊದಲನೆಯದು’, ‘ಕೊನೆಯದು’, ‘ಇದರ ಪಕ್ಕದ್ದು’ ಎಂಬ ನಿಯಮಗಳನ್ನು ಬರೆಯುವುದು ಸಿಎಸ್‌ಎಸ್‌ನಲ್ಲೂ ಎಕ್ಸ್‌ಎಂಎಲ್ ಮಾರ್ಪಡಿಸುವ ಭಾಷೆಯಾದ ಎಕ್ಸ್‌ಎಸ್‌ಎಲ್‌ಟಿಯಲ್ಲೂ ಬಹಳ ಸುಲಭ. ಸೋಸುವಿಕೆ, ಎಳೆಯುವಿಕೆ, ತಳ್ಳುವಿಕೆ ನಡೆಯುವ ದಾಖಲೆಯಲ್ಲಿ ಅಂಥ ನಿಯಮವನ್ನು ಅಂತರ ಸರಿಪಡಿಸುವುದಕ್ಕೆ ಮಾತ್ರ ಬಳಸಬೇಕು. ಜೀವಕ್ಕೆ ಸಂಬಂಧಿಸಿದ ಯಾವುದನ್ನೂ ಅದಕ್ಕೆ ಒಪ್ಪಿಸಬಾರದು.

ಖಾಲಿ ಜಾಗ ತುಂಬಿದ್ದರಿಂದ ಆದದ್ದು

ಮುಂದಿನ ತಪ್ಪು ಸ್ಟೈಲ್‌ಶೀಟ್‌ನದ್ದಲ್ಲ. ಆದರೆ ಅದರ ಬೇರು ಪ್ರಿವ್ಯೂನಲ್ಲಿ ಇತ್ತು, ಆದ್ದರಿಂದ ಇಲ್ಲಿ ಹೇಳಲೇಬೇಕು.

ಪ್ಯಾನೆಲ್‌ನ ಹೆಸರು ಬರಬೇಕಾದ ಕಡೆಗಳಲ್ಲಿ ಬರಹಗಾರರು ಕೀರೆಫ್, ಅಂದರೆ ಕೀಯ ಉಲ್ಲೇಖ, ಹಾಕಿದ್ದರು. ಕೀಯ ಬೆಲೆ ಇರುವುದು ಮ್ಯಾಪ್‌ನಲ್ಲಿ. ಮ್ಯಾಪ್ ಇಲ್ಲದ ಪ್ರಿವ್ಯೂನಲ್ಲಿ ಆ ಜಾಗ ಖಾಲಿ ಕಾಣುತ್ತದೆ. ‘ಈಗ ______ ಬಾಗಿಲು ತೆರೆಯಿರಿ’ ಎಂಬಂಥ ವಾಕ್ಯ ಓದಿ ಒಪ್ಪಿಗೆ ಕೊಡುವುದು ಯಾರಿಗೂ ಹಿತವಲ್ಲ. ಹೀಗಾಗಿ ಕೆಲವರು ಆ ಎಲಿಮೆಂಟ್‌ನೊಳಗೆ (ಎಕ್ಸ್‌ಎಂಎಲ್‌ನಲ್ಲಿ ಗುರುತು ಹಾಕಿದ ಪ್ರತಿ ತುಣುಕೂ ಒಂದು ಎಲಿಮೆಂಟ್) ತಾತ್ಕಾಲಿಕವಾಗಿ ಡಿಒಎಲ್ ಪ್ಯಾನೆಲ್‌ನ ಹೆಸರು ಬರೆದಿಟ್ಟರು. ಮ್ಯಾಪ್ ಬಂದಾಗ ಕೀಯ ಬೆಲೆ ಇದರ ಜಾಗಕ್ಕೆ ಬರುತ್ತದೆ ಎಂದು ಅವರ ನಂಬಿಕೆ.

ಕಾನ್‌ರೆಫ್ ಆಗಿದ್ದರೆ ನಂಬಿಕೆ ನಿಜವಾಗುತ್ತಿತ್ತು. ಕಾನ್‌ರೆಫ್ ಇರುವ ಎಲಿಮೆಂಟ್‌ನೊಳಗೆ ಏನೇ ಬರೆದಿರಲಿ, ಎಳೆದು ತಂದದ್ದು ಅದರ ಜಾಗ ಹಿಡಿಯುತ್ತದೆ. ಕೀರೆಫ್‌ನ ಮಾತು ಬೇರೆ. ಎಲಿಮೆಂಟ್ ಖಾಲಿ ಇದ್ದರೆ ಮಾತ್ರ ಕೀಯ ಪಠ್ಯ ತುಂಬಿಕೊಳ್ಳುತ್ತದೆ. ಒಳಗೆ ಪಠ್ಯ ಇದ್ದರೆ ಆ ಪಠ್ಯವೇ ಉಳಿಯುತ್ತದೆ. ಹಾಗಾಗಿ ಸ್ಟಾರ್-ಡೆಲ್ಟಾ ಕೈಪಿಡಿಯ ನಡುನಡುವೆ ಡಿಒಎಲ್ ಪ್ಯಾನೆಲ್‌ನ ಹೆಸರು ಮುದ್ರಣವಾಗಿತ್ತು. ಬಿಡಿ ಪ್ರಿವ್ಯೂನಲ್ಲಿ ವಾಕ್ಯ ಚೆನ್ನಾಗಿ ಓದಿಸಿಕೊಂಡಿತ್ತು, ಎಲ್ಲರೂ ಒಪ್ಪಿದ್ದರು.

ನಾನು ಬರಹಗಾರರನ್ನು ದೂರುವುದಿಲ್ಲ. ಅರ್ಧ ಮಾತ್ರ ತೋರಿಸುವ ಪ್ರಿವ್ಯೂ ಕೊಟ್ಟರೆ ಉಳಿದ ಅರ್ಧವನ್ನು ಜನ ತಮಗೆ ತೋಚಿದ ಹಾಗೆ ತುಂಬುತ್ತಾರೆ. ಮೂಲ ಮ್ಯಾಪ್ ಯಾವುದೆಂದು ಎಡಿಟರ್‌ಗೆ ಹೇಳಿಟ್ಟರೆ ಕೀಗಳು ಬರೆಯುವಾಗಲೇ ಬಿಡಿಸಿಕೊಳ್ಳುತ್ತವೆ. ಡಿಟಾಗೆ ಒಗ್ಗಿದ ಎಡಿಟರ್‌ಗಳಲ್ಲಿ ಈ ವ್ಯವಸ್ಥೆ ಇದೆ, ಇವರಲ್ಲಿ ಅದನ್ನು ಯಾರೂ ಹೊಂದಿಸಿರಲಿಲ್ಲ. ಹೊಂದಿಸಿದ ಮೇಲೆ ಖಾಲಿ ಜಾಗಗಳೇ ಮಾಯವಾದವು, ತುಂಬುವ ಆಸೆಯೂ ಹೋಯಿತು. ಈಗಾಗಲೇ ತುಂಬಿದ್ದನ್ನು ಹುಡುಕಲು, ಕೀರೆಫ್ ಇದ್ದೂ ಒಳಗೆ ಪಠ್ಯ ಇರುವ ಎಲಿಮೆಂಟ್‌ಗಳನ್ನೆಲ್ಲ ಪಟ್ಟಿ ಮಾಡುವ ಒಂದು ಸಾಲಿನ ಎಕ್ಸ್‌ಪಾತ್ (ಎಕ್ಸ್‌ಎಂಎಲ್‌ನಲ್ಲಿ ಹುಡುಕುವ ಸೂತ್ರ) ಸಾಕಾಯಿತು.

ಶೀರ್ಷಿಕೆ, ಚಿತ್ರಸಂಖ್ಯೆ, ಒತ್ತಕ್ಷರ

ಪ್ರತಿ ಟಾಪಿಕ್ ಬಿಡಿಯಾಗಿ ಬಂದಾಗ ಅದರ ಶೀರ್ಷಿಕೆ ಒಂದನೇ ಮಟ್ಟದ್ದು. ಇಡೀ ಮ್ಯಾಪ್ ಒಂದೇ ಕಡತವಾದಾಗ ಟಾಪಿಕ್‌ಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಅಧ್ಯಾಯದ ಶೀರ್ಷಿಕೆ ಒಂದನೇ ಮಟ್ಟ, ಅದರೊಳಗಿನದು ಎರಡು, ಅದರೊಳಗಿನದು ಮೂರು. ಸ್ಟೈಲ್‌ಶೀಟ್‌ನಲ್ಲಿ ಒಂದನೇ ಮಟ್ಟಕ್ಕೆ ಮಾತ್ರ ನಿಯಮ ಇತ್ತು. ಉಳಿದವುಗಳಿಗೆ ಎಚ್‌ಟಿಎಂಎಲ್‌ನ ಮೂಲ ರೂಢಿಯೇ ಗತಿ. ಆ ರೂಢಿಯಲ್ಲಿ ನಾಲ್ಕನೇ ಮಟ್ಟದ ಶೀರ್ಷಿಕೆ ಪಠ್ಯದಷ್ಟೇ ಗಾತ್ರ, ಐದನೆಯದು ಪಠ್ಯಕ್ಕಿಂತ ಚಿಕ್ಕದು. ಪ್ರೂಫ್‌ನಲ್ಲಿ ‘ಓವರ್‌ಲೋಡ್ ರಿಲೇ ಹೊಂದಿಸುವುದು’ ಎಂಬ ಶೀರ್ಷಿಕೆ ಅದರ ಕೆಳಗಿನ ಪ್ಯಾರಾಗಿಂತ ಸಣ್ಣ ಅಕ್ಷರದಲ್ಲಿ ಬಿದ್ದಿತ್ತು.

ಇದೇ ಬಗೆಯ ಇನ್ನೆರಡು ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ‘ಪ್ರತಿ ಟಾಪಿಕ್ ಹೊಸ ಪುಟದಲ್ಲಿ’ ಎಂಬ ನಿಯಮ ಒಂದೇ ಟಾಪಿಕ್ ಇದ್ದಾಗ ಕಣ್ಣಿಗೇ ಬೀಳುವುದಿಲ್ಲ. ಜೋಡಿಸಿದಾಗ ಮೂರು ಸಾಲಿನ ಟಾಪಿಕ್ ಕೂಡ ಒಂದು ಪುಟ ನುಂಗಿತು. ‘ಪ್ರತಿ ಟಾಪಿಕ್‌ನಲ್ಲಿ ಚಿತ್ರದ ಎಣಿಕೆ ಮತ್ತೆ ಆರಂಭ’ ಎಂಬ ನಿಯಮದಿಂದ ಕೈಪಿಡಿಯ ತುಂಬ ‘ಚಿತ್ರ 1’ಗಳೇ ಆದವು. ಎರಡನ್ನೂ ಅಧ್ಯಾಯದ ಮಟ್ಟಕ್ಕೆ ಮಾತ್ರ ಸೀಮಿತಗೊಳಿಸಿದರೆ ಸಾಕಿತ್ತು.

ಕನ್ನಡಕ್ಕೇ ವಿಶೇಷವಾದ ತೊಡಕಿನ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಶೀರ್ಷಿಕೆಗಳ ಸಾಲಿನ ಅಂತರವನ್ನು ಇಂಗ್ಲಿಷ್ ಕೈಪಿಡಿಗೆ ತಕ್ಕಂತೆ ಬಿಗಿಯಾಗಿ, ಅಕ್ಷರದ ಗಾತ್ರದ 1.1 ಪಟ್ಟು ಇಟ್ಟಿದ್ದರು. ಬಿಡಿ ಪ್ರಿವ್ಯೂನಲ್ಲಿ ಕನ್ನಡದ ಶೀರ್ಷಿಕೆಗಳೂ ಚೆನ್ನಾಗಿಯೇ ಇದ್ದವು, ಏಕೆಂದರೆ ಅವು ಒಂದು ಸಾಲಿನಲ್ಲಿ ಹಿಡಿಯುತ್ತಿದ್ದವು. ಜೋಡಿಸಿದಾಗ ಶೀರ್ಷಿಕೆಯ ಮುಂದೆ 4.3.2 ಎಂಬಂಥ ಸಂಖ್ಯೆ ಸೇರಿತು. ಆ ಸಂಖ್ಯೆ ಜಾಗ ತಿಂದು ‘ಕಾಂಟ್ಯಾಕ್ಟರ್ ಸ್ವಚ್ಛಗೊಳಿಸುವುದು ಮತ್ತು ಬದಲಾಯಿಸುವುದು’ ಎಂಬ ಶೀರ್ಷಿಕೆ ಎರಡು ಸಾಲಿಗೆ ಮುರಿಯಿತು. ಮೇಲಿನ ಸಾಲಿನ ‘ಚ್ಛ’, ‘ತ್ತು’ಗಳ ಒತ್ತು ಕೆಳಗೆ ಇಳಿಯಿತು, ಕೆಳಸಾಲಿನ ‘ಯಿ’, ‘ಸು’ಗಳ ತಲೆ ಅದಕ್ಕೆ ತಗುಲಿತು. ಇಂಗ್ಲಿಷ್‌ನಲ್ಲಿ ಮೂಲರೇಖೆಯ ಕೆಳಗೆ ಇಳಿಯುವುದು ಕೆಲವು ಅಕ್ಷರಗಳ ಬಾಲ ಮಾತ್ರ. ಕನ್ನಡದಲ್ಲಿ ಒಂದು ಇಡೀ ಅಕ್ಷರವೇ ಕೆಳಗೆ ಕೂರುತ್ತದೆ, ‘ಷ್ಟ್ರ’ದಂಥ ಕಡೆ ಎರಡು ಕೂರುತ್ತವೆ. ಕನ್ನಡ ಶೀರ್ಷಿಕೆಗೆ 1.1 ಎಂಬುದು ಸಲ್ಲದ ಅಳತೆ. ನಾವು ಅದನ್ನು 1.45ಕ್ಕೆ ಏರಿಸಿದೆವು. ಭಾಷೆಯನ್ನು ನೋಡಿ ಅನ್ವಯವಾಗುವ ಪ್ರತ್ಯೇಕ ನಿಯಮವಾಗಿ ಬರೆದೆವು, ಇಂಗ್ಲಿಷ್ ಕೈಪಿಡಿ ಮೊದಲಿನಂತೆಯೇ ಉಳಿಯಿತು.

ಪುಟದ ಮೇಲಂಚಿನಲ್ಲಿ ಬರುವ ತಲೆಬರಹದ್ದೂ ಇದೇ ಕಥೆ. ಅದು ಅಧ್ಯಾಯದ ಶೀರ್ಷಿಕೆಯಿಂದ ತಾನಾಗಿ ಎತ್ತಿಕೊಳ್ಳುವ ಪಠ್ಯ. ಬಿಡಿ ಟಾಪಿಕ್‌ಗೆ ಅಧ್ಯಾಯವೂ ಇಲ್ಲ, ಪುಟವೂ ಇಲ್ಲ. ಹೀಗಾಗಿ ಉದ್ದನೆಯ ಕನ್ನಡ ಶೀರ್ಷಿಕೆ ಮೇಲಂಚಿನಲ್ಲಿ ಎರಡು ಸಾಲಾಗಿ ಪಠ್ಯದ ಮೇಲೆ ಜಾರುತ್ತದೆ ಎಂಬುದು ಪ್ರೂಫ್ ಬರುವ ತನಕ ಯಾರಿಗೂ ತಿಳಿಯುವಂತಿರಲಿಲ್ಲ. ಅಧ್ಯಾಯಗಳಿಗೆ ಚಿಕ್ಕ ಶೀರ್ಷಿಕೆಯನ್ನೂ ಬರೆಸಿ ಅದನ್ನೇ ತಲೆಬರಹಕ್ಕೆ ಎತ್ತಿಕೊಂಡೆವು.

ಕನ್ನಡದ ನಡುವೆ ‘ವಾರ್ನಿಂಗ್’

ಎಚ್ಚರಿಕೆಯ ಪೆಟ್ಟಿಗೆಗಳ ಮೇಲಿನ ಪಟ್ಟಿಪದವನ್ನು ಯಾರೂ ಬರೆಯುವುದಿಲ್ಲ. ಟಿಪ್ಪಣಿಯ ಬಗೆ ಮತ್ತು ಅದರ ಭಾಷೆ ನೋಡಿ ಟೂಲ್‌ಕಿಟ್ಟೇ ‘ಎಚ್ಚರಿಕೆ’ ಎಂದೋ ಇಂಗ್ಲಿಷ್‌ನ ‘ವಾರ್ನಿಂಗ್’ ಎಂದೋ ಹಾಕುತ್ತದೆ. ಕನ್ನಡದ ಪಟ್ಟಿಪದಗಳ ಕಡತವನ್ನು ತಂಡ ಮೊದಲೇ ಸೇರಿಸಿತ್ತು. ಆದರೂ ಪ್ರೂಫ್‌ನಲ್ಲಿ ಕೆಲವು ಪೆಟ್ಟಿಗೆಗಳ ಮೇಲೆ ಕನ್ನಡ, ಕೆಲವುಗಳ ಮೇಲೆ ಇಂಗ್ಲಿಷ್. ಪೆಟ್ಟಿಗೆಯೊಳಗಿನ ಪಠ್ಯ ಮಾತ್ರ ಎಲ್ಲ ಕಡೆ ಕನ್ನಡವೇ.

ಜಾಡು ಹಿಡಿದು ಹೋದಾಗ ಹಂಚಿಕೆಯ ಎಚ್ಚರಿಕೆಗಳ ಕಡತ ಸಿಕ್ಕಿತು. ಅನುವಾದಕರು ಟಾಪಿಕ್‌ನ ಆರಂಭದಲ್ಲಿದ್ದ ಭಾಷೆಯ ಗುರುತನ್ನು ಕನ್ನಡಕ್ಕೆ ಬದಲಿಸಿದ್ದರು. ಆದರೆ ಒಳಗೆ ಕೆಲವು ಎಚ್ಚರಿಕೆಗಳ ಮೇಲೇ ನೇರವಾಗಿ ಬರೆದಿದ್ದ ಇಂಗ್ಲಿಷ್ ಗುರುತು ಹಾಗೇ ಉಳಿದಿತ್ತು. ಕಾನ್‌ರೆಫ್ ಅವನ್ನು ಎಳೆದಾಗ ಆ ಗುರುತೂ ಬಂತು. ಕರೆದ ಟಾಪಿಕ್ ಕನ್ನಡದ್ದಾದರೂ ಬಂದ ತುಣುಕು ತನ್ನನ್ನು ಇಂಗ್ಲಿಷ್ ಎಂದೇ ಹೇಳಿಕೊಂಡಿತು.

ತುಣುಕು ತನ್ನ ಮೂಲದ ಭಾಷೆಯನ್ನು ಹೊತ್ತು ಬರಬೇಕೆಂಬುದು ಸರಿಯಾದ ತತ್ವವೇ. ಜೋಡಣೆಯ ಇತಿಹಾಸದಲ್ಲಿ ಇದು ಹಳೆಯ ಪ್ರಶ್ನೆ. ತುಣುಕುಗಳಿಂದ ದಾಖಲೆ ಕಟ್ಟುವ ಪದ್ಧತಿ ಎಕ್ಸ್‌ಎಂಎಲ್‌ಗೆ ಪೂರ್ವಜವಾದ 1986ರ ಎಸ್‌ಜಿಎಂಎಲ್ ಮಾನಕದ ಎಂಟಿಟಿಗಳಿಂದಲೇ (ಹೆಸರಿಟ್ಟು ಕರೆಯುವ ತುಣುಕುಗಳಿಂದಲೇ) ಇದೆ. 1998ರಲ್ಲಿ ಬಂದ ಎಕ್ಸ್‌ಎಂಎಲ್ 1.0 ಅದನ್ನು ಮುಂದುವರಿಸಿತು. 2004ರಲ್ಲಿ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯೂ3ಸಿ ಅಂಗೀಕರಿಸಿದ ಎಕ್ಸ್‌ಇನ್‌ಕ್ಲೂಡ್ ಎಂಬ ಜೋಡಣೆಯ ಮಾನಕ, ಒಳಗೆ ಸೇರಿದ ತುಣುಕಿನ ಭಾಷೆ ಸುತ್ತಲಿನ ಭಾಷೆಗಿಂತ ಬೇರೆಯಾಗಿದ್ದರೆ ಆ ತುಣುಕಿನ ಮೇಲೆ ಭಾಷೆಯ ಗುರುತನ್ನು ಸ್ಪಷ್ಟವಾಗಿ ಬರೆಯಬೇಕು ಎಂದು ವಿಧಿಸಿತು. ತುಣುಕು ಎಲ್ಲಿಂದ ಬಂತೆಂಬ ವಿಳಾಸಕ್ಕೂ ಅಂಥದೇ ವಿಧಿ ಇದೆ. ಇಲ್ಲದಿದ್ದರೆ ಅದರೊಳಗಿನ ಚಿತ್ರಗಳ ದಾರಿ ತಪ್ಪುತ್ತದೆ. ಅಂದರೆ ಜೋಡಿಸಿದ ಮರ ಬಿಡಿ ಮರಗಳ ಬರಿ ಮೊತ್ತ ಅಲ್ಲ ಎಂಬುದನ್ನು ಮಾನಕ ಬರೆದವರೇ ಒಪ್ಪಿದ್ದಾರೆ. ಅದನ್ನು ನೋಡದೆ ವಿನ್ಯಾಸ ಮುಗಿಯಿತು ಎನ್ನುವುದು ನನಗೆ ಒಪ್ಪಿತವಲ್ಲ.

ಹೊಸ ಪ್ರಿವ್ಯೂ

ತಪ್ಪುಗಳನ್ನು ಒಂದೊಂದಾಗಿ ತಿದ್ದುವುದು ಕಷ್ಟವಿರಲಿಲ್ಲ. ಮುಂದಿನ ತಿದ್ದುಪಡಿ ಇನ್ನೊಂದು ತಪ್ಪು ಹುಟ್ಟಿಸದಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ.

ಮೊದಲು ಟೂಲ್‌ಕಿಟ್‌ಗೆ ಅದರ ತಾತ್ಕಾಲಿಕ ಫೋಲ್ಡರ್ ಅಳಿಸಬೇಡ ಎಂದು ಸೂಚನೆ ಕೊಟ್ಟು, ಸೋಸಿ ಬಿಡಿಸಿ ಹೆಣೆದ ಎಕ್ಸ್‌ಎಂಎಲ್ ಅನ್ನು ಉಳಿಸಿಕೊಂಡೆ. ಪಿಡಿಎಫ್ ನೋಡಿದರೆ ತಪ್ಪು ಕಾಣುತ್ತದೆ. ಈ ನಡುವಿನ ಕಡತ ನೋಡಿದರೆ ಕಾರಣ ಕಾಣುತ್ತದೆ. ಕೆಂಪು ಚೌಕಟ್ಟು ಎಲ್ಲಿಂದ ಹೋಯಿತು, ಭಾಷೆಯ ಗುರುತು ಯಾವ ಎಲಿಮೆಂಟ್ ಮೇಲಿದೆ ಎಂಬುದೆಲ್ಲ ಅಲ್ಲಿ ಬರೆದ ಹಾಗೆ ಇತ್ತು. ಸ್ಟೈಲ್‌ಶೀಟ್ ಬರೆಯುವವರು ಈ ಫೋಲ್ಡರ್ ತೆರೆಯುವುದನ್ನು ರೂಢಿ ಮಾಡಿಕೊಳ್ಳಲೇಬೇಕು.

ಆ ಕಡತದ ಮೇಲೆ ಒಂದು ಚಿಕ್ಕ ಎಕ್ಸ್‌ಕ್ವೆರಿ, ಅಂದರೆ ಎಕ್ಸ್‌ಎಂಎಲ್‌ಗೆ ಪ್ರಶ್ನೆ ಕೇಳುವ ಪ್ರೋಗ್ರಾಂ, ಓಡಿಸಿದೆವು. ಪ್ರತಿ ಎಲಿಮೆಂಟ್ ನಿಜವಾಗಿ ಯಾವ ಯಾವ ತಾಯಿ-ಅಜ್ಜಿಯರ ಕೆಳಗೆ ಬಂದಿದೆ ಎಂಬ ಸಾಲುಗಳನ್ನು, ಪುನರುಕ್ತಿ ತೆಗೆದು ಕೊಟ್ಟಿತು. ಹಂತದೊಳಗಿನ ಕೋಷ್ಟಕ, ಕೋಷ್ಟಕದ ಕೋಶದೊಳಗಿನ ಎಚ್ಚರಿಕೆ, ಎಚ್ಚರಿಕೆಯೊಳಗಿನ ಪಟ್ಟಿ: ಸ್ಕೀಮಾ (ಯಾವುದರೊಳಗೆ ಯಾವುದು ಬರಬಹುದೆಂಬ ನಿಯಮಾವಳಿ) ಅನುಮತಿಸುವ ಸಂಯೋಜನೆಗಳಿಗೆ ಕೊನೆಯಿಲ್ಲ, ಆದರೆ ಈ ಕೈಪಿಡಿಗಳಲ್ಲಿ ಬಂದಿರುವವು ಎಣಿಸುವಷ್ಟೇ. ಸ್ಟೈಲ್‌ಶೀಟ್ ಉತ್ತರ ಕೊಡಬೇಕಾದದ್ದು ಆ ಪಟ್ಟಿಗೆ.

ಅದೇ ಪಟ್ಟಿಯಿಂದ ಒಂದು ಪರೀಕ್ಷಾ ಮ್ಯಾಪ್ ಕಟ್ಟಿದೆವು. ಪುಟಗಳು ಕಡಿಮೆ, ಆದರೆ ಕೈಪಿಡಿಗಳಲ್ಲಿ ಕಂಡ ಪ್ರತಿ ಸಂದರ್ಭವೂ ಅದರಲ್ಲಿ ಇದೆ. ಐದು ಮಟ್ಟ ಆಳದ ಟಾಪಿಕ್, ಪಟ್ಟಿಯ ಆರಂಭಕ್ಕೆ ತಳ್ಳಿದ ಹಂತ, ಸೋಸಿದಾಗ ಪೂರ್ತಿ ಖಾಲಿಯಾಗುವ ಕೋಷ್ಟಕ, ಪುಟದ ಕೊನೆಯ ಸಾಲಿಗೆ ಬೀಳುವ ಶೀರ್ಷಿಕೆ, ಎರಡಂತಸ್ತಿನ ಒತ್ತಕ್ಷರಗಳಿರುವ ಎರಡು ಸಾಲಿನ ಕನ್ನಡ ಶೀರ್ಷಿಕೆ. ಸ್ಟೈಲ್‌ಶೀಟ್‌ನಲ್ಲಿ ಒಂದು ಅಂಚು ಬದಲಿಸಿದರೂ ಈ ಮ್ಯಾಪ್ ಮೊದಲು ಕಟ್ಟಬೇಕು. ಹಿಂದಿನ ಪುಟಗಳ ಚಿತ್ರದ ಜೊತೆ ಹೊಸ ಪುಟಗಳ ಚಿತ್ರ ಹೋಲಿಸಿ, ಬದಲಾದ ಪುಟಗಳನ್ನು ಮಾತ್ರ ಎತ್ತಿ ತೋರಿಸುವ ಸ್ಕ್ರಿಪ್ಟ್ ಅದರ ಹಿಂದೆ ಓಡುತ್ತದೆ.

ಬರಹಗಾರರ ಪ್ರಿವ್ಯೂ ಬಗ್ಗೆ ಚರ್ಚೆ ಜೋರಾಗಿಯೇ ನಡೆಯಿತು. ಪೂರ್ತಿ ಕೈಪಿಡಿ ಕಟ್ಟಿಯೇ ನೋಡಬೇಕು, ಬಿಡಿ ಪ್ರಿವ್ಯೂ ತೆಗೆದುಹಾಕಿ ಎಂದು ತಂಡದ ಮುಖ್ಯಸ್ಥೆಯ ವಾದ. “ಮೇಡಂ, ಒಂದು ಅಲ್ಪವಿರಾಮ ಹಾಕಿದ್ದಕ್ಕೆ ಇಡೀ ಕೈಪಿಡಿ ಕಟ್ಟಿಸುತ್ತಾ ಕೂರಬೇಕೇ?” ಎಂದು ಬರಹಗಾರರ ಪ್ರಶ್ನೆ. ಇಬ್ಬರದ್ದೂ ನ್ಯಾಯವೇ. ಕಾಯಿಸುವ ಪ್ರಿವ್ಯೂವನ್ನು ಯಾರೂ ನೋಡುವುದಿಲ್ಲ. ನೋಡದ ಪ್ರಿವ್ಯೂ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ದಾರಿ ಡಿಟಾದಲ್ಲೇ ಇತ್ತು. ಮ್ಯಾಪ್‌ನ ಒಂದು ಉಲ್ಲೇಖಕ್ಕೆ ‘ರಿಸೋರ್ಸ್-ಓನ್ಲಿ’ ಎಂಬ ಪಾತ್ರ ಕೊಟ್ಟರೆ, ಆ ಟಾಪಿಕ್‌ನ ಕೀಗಳು ಮತ್ತು ಹಂಚಿಕೆಯ ತುಣುಕುಗಳು ಬಳಕೆಗೆ ಸಿಗುತ್ತವೆ, ಆದರೆ ಅದು ಔಟ್‌ಪುಟ್‌ಗೆ ಬರುವುದಿಲ್ಲ. ಬರಹಗಾರರು ಎಡಿಟರ್‌ನಲ್ಲಿ ಟಾಪಿಕ್ ತೆರೆದು ಗುಂಡಿ ಒತ್ತಿದಾಗ ಸ್ಕ್ರಿಪ್ಟ್ ಮ್ಯಾಪ್‌ನ ಒಂದು ನಕಲು ಮಾಡುತ್ತದೆ. ಆ ಟಾಪಿಕ್, ಅದರ ಮೇಲಿನ ಹಿರಿಯರು, ಅಕ್ಕಪಕ್ಕದ ಒಡಹುಟ್ಟುಗಳು ಹಾಗೇ ಉಳಿಯುತ್ತವೆ. ಮಿಕ್ಕವೆಲ್ಲ ರಿಸೋರ್ಸ್-ಓನ್ಲಿ ಆಗುತ್ತವೆ. ಯಾವ ಪ್ಯಾನೆಲ್, ಯಾವ ಭಾಷೆ ಎಂದು ಆರಿಸಿದರೆ ಅದಕ್ಕೆ ತಕ್ಕ ಡಿಟಾವ್ಯಾಲ್ ಸೇರುತ್ತದೆ. ಟಾಪಿಕ್ ತನ್ನ ನಿಜವಾದ ಮಟ್ಟದಲ್ಲಿ, ನಿಜವಾದ ಹೆಸರುಗಳೊಂದಿಗೆ, ತಳ್ಳಿದ ಹಂತಗಳ ಸಮೇತ, ಪುಟದಲ್ಲಿ ಕೂತು ಬರುತ್ತದೆ, ಮತ್ತು ಬೇಗ ಬರುತ್ತದೆ.

ಇದಕ್ಕೆ ಬೆಲೆಯೂ ಇದೆ. ಹಿಂದಿನ ಅಧ್ಯಾಯಗಳು ಔಟ್‌ಪುಟ್‌ನಲ್ಲಿ ಇಲ್ಲದ್ದರಿಂದ ಎಣಿಕೆ ಒಂದರಿಂದ ಶುರುವಾಗುತ್ತದೆ. ನಿಜ ಕೈಪಿಡಿಯಲ್ಲಿ 4.3.2 ಆಗಬೇಕಾದದ್ದು ಇಲ್ಲಿ 1.1.2 ಆಗಿ ಕಾಣುತ್ತದೆ. ಅಧ್ಯಾಯದ ಮತ್ತು ಅದರ ಕೆಳಗಿನ ಹಿರಿಯರ ಸಂಖ್ಯೆಗಳನ್ನು ಮೂಲ ಮ್ಯಾಪ್‌ನಿಂದ ಲೆಕ್ಕ ಹಾಕಿ ಎಣಿಕೆಯ ಆರಂಭದ ಬೆಲೆಯಾಗಿ ಸಿಎಸ್‌ಎಸ್‌ಗೆ ಕೊಟ್ಟದ್ದರಿಂದ ಮೊದಲ ಅಂಕಿಗಳು ಸರಿಯಾದವು. ಕೊನೆಯ ಅಂಕಿಗಾಗಿ ಒಡಹುಟ್ಟುಗಳನ್ನು ಉಳಿಸಿಕೊಳ್ಳುವ ನಿರ್ಧಾರ ನೆರವಿಗೆ ಬಂತು. ಬೇರೆ ಅಧ್ಯಾಯಗಳಿಗೆ ಹೋಗುವ ಅಡ್ಡ ಉಲ್ಲೇಖಗಳ ಪುಟಸಂಖ್ಯೆ ಮಾತ್ರ ಈ ಪ್ರಿವ್ಯೂನಲ್ಲಿ ಸಿಗಲಾರದು. ಆ ಜಾಗದಲ್ಲಿ ಬೂದು ಬಣ್ಣದ ಗುರುತು ಹಾಕಿದೆವು. ಇಲ್ಲಿ ಏನೋ ಬರಲಿದೆ, ಇದು ಅಂತಿಮ ಅಲ್ಲ ಎಂದು ನೋಡುವವರಿಗೆ ತಿಳಿಯಬೇಕು. ಖಾಲಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಕೀಗಳ ವಿಷಯದಲ್ಲಿ ಕಂಡಾಗಿತ್ತು.

ಪೂರ್ತಿ ಕೈಪಿಡಿಗಳನ್ನು ಸರ್ವರ್ ದಿನಕ್ಕೊಮ್ಮೆ ರಾತ್ರಿ ಕಟ್ಟುತ್ತದೆ. ಎಲ್ಲ ಪ್ಯಾನೆಲ್‌ಗಳು, ಎರಡೂ ಭಾಷೆಗಳು. ಬೆಳಿಗ್ಗೆ ಅದನ್ನು ನೋಡುವ ಹೊಣೆ ಸರದಿಯ ಮೇಲೆ ಒಬ್ಬೊಬ್ಬರದು. ಮುದ್ರಣಕ್ಕೆ ಕಳಿಸುವ ಒಪ್ಪಿಗೆ ಆ ಪಿಡಿಎಫ್ ಮೇಲೆ ಮಾತ್ರ ನಡೆಯಬೇಕು, ಬಿಡಿ ಟಾಪಿಕ್‌ನ ಪುಟದ ಮೇಲೆ ಅಲ್ಲ ಎಂಬ ನಿಯಮವನ್ನು ಮುಖ್ಯಸ್ಥೆ ತಂದರು. ಸರ್ವಿಸ್ ಎಂಜಿನಿಯರ್ ಅದಕ್ಕೊಂದು ಶರತ್ತು ಸೇರಿಸಿದರು: ಹಂತಗಳಿರುವ ಪುಟಗಳನ್ನು ಪ್ಯಾನೆಲ್ ರಿಪೇರಿ ಮಾಡುವವರೇ ಓದಿ ಸಹಿ ಹಾಕಬೇಕು.

ಸ್ಟಾರ್-ಡೆಲ್ಟಾ ಕೈಪಿಡಿ ಈ ದಾರಿಯಲ್ಲಿ ಮತ್ತೆ ಬಂದಾಗ ಉಳಿದದ್ದು ಪದಗಳ ತಿದ್ದುಪಡಿ ಮಾತ್ರ. ಕಂಪನಿ ಈಗ ಇದೇ ಕೈಪಿಡಿಯನ್ನು ತೆಲುಗು ಮತ್ತು ಮರಾಠಿಗೆ ಒಯ್ಯುವ ತಯಾರಿಯಲ್ಲಿದೆ. ಆ ಭಾಷೆಗಳ ಪಟ್ಟಿಪದಗಳು, ಸಾಲಿನ ಅಂತರ, ಉದ್ದದ ಶೀರ್ಷಿಕೆಗಳು ಮೊದಲು ಪರೀಕ್ಷಾ ಮ್ಯಾಪ್‌ಗೆ ಸೇರಬೇಕು ಎಂದು ಕೇಳಿದ್ದೇನೆ. ಅನುವಾದ ಶುರುವಾಗುವುದು ಆಮೇಲೆ.